ಐದನೇ ಸಿಂಫನಿ: ಹಳೆ ಸಿಡಿನಾ, ಹೊಸ ರಿಮಾಸ್ಟರಾ?

ಸಂಗೀತ ನಿರ್ವಾಹಕ (ಕಂಡಕ್ಟರ್) ಕಾರ್ಲೋಸ್ ಕ್ಲೈಬರ್ 1974ರಲ್ಲಿ ವಿಯೆನ್ನಾ ಫಿಲ್ಹಾರ್ಮೋನಿಕ್ ವಾದ್ಯವೃಂದದ ಜೊತೆ ರೆಕಾರ್ಡ್ ಮಾಡಿದ ಬೀಥೋವನ್ ಐದನೇ ಸಿಂಫನಿಯ ಹಳೆ ಸಿಡಿ ಇದೆ, ಹೊಸ ರಿಮಾಸ್ಟರ್ (ಅದೇ ರೆಕಾರ್ಡಿಂಗಿನ ಸದ್ದನ್ನು ಮತ್ತೆ ತಿದ್ದಿ ತಂದದ್ದು) ಬೇಕಾ ಅಂತ ಕೇಳಿದ್ದೀರಿ. ಮೊದಲು ಮೂರನೇ ಭಾಗದ ಕೊನೆ ಹಾಕಿ ನೋಡಿ. ಟಿಂಪನಿ ಎಂಬ ದೊಡ್ಡ ನಗಾರಿ ಮೆಲ್ಲಗೆ ಬಡಿಯುತ್ತಿರುತ್ತದೆ. ಪಿಟೀಲುಗಳು ತಡಕಾಡುತ್ತಾ ಮೇಲೇರುತ್ತವೆ. ನಡುವೆ ಬಿಡುವೇ ಇಲ್ಲ, ನಾಲ್ಕನೇ ಭಾಗ ಒಮ್ಮೆಲೇ ಸಿಡಿಯುತ್ತದೆ. ಟ್ರೊಂಬೋನ್ ಎಂಬ ಹಿತ್ತಾಳೆಯ ಊದುವಾದ್ಯ ಮೊದಲ ಸಲ ಬರುವುದೇ ಆಗ. ಧಾರವಾಡದಲ್ಲಿ ಖ್ಯಾಲ್ ಕೇಳಿ ಬೆಳೆದ ನನಗೂ ಅಲ್ಲಿ ಮೈ ಜುಮ್ಮೆನ್ನುತ್ತದೆ. ರಿಮಾಸ್ಟರ್‌ನಲ್ಲಿ ಆ ಮೆಲುದನಿ ಹಾಗೇ ಉಳಿದಿದ್ದರೆ ಕೊಳ್ಳಿ. ಎಲ್ಲವನ್ನೂ ಒಂದೇ ಸಮ ಜೋರು ಮಾಡಿದ್ದರೆ ಹಳೇದೇ ಸಾಕು. ಟೇಪಿನ ಸಣ್ಣ ಸುಂಯ್ ಸದ್ದು ಇರಲಿ ಬಿಡಿ, ಮಳೆಗಾಲದಲ್ಲಿ ನಮ್ಮನೆ ಪತ್ರಾಸ್ ಚಾವಣಿ ಅದಕ್ಕಿಂತ ಜಾಸ್ತಿ ಗದ್ದಲ ಮಾಡುತ್ತದೆ.