ಕ್ಷೌರದ ಕತ್ತಿಗೆ ಬೀಟೆಯ ಹಿಡಿ

ಬೀದರ್‌ನ ಹಳೆ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಕೊಂಡ ಕ್ಷೌರದ ಕತ್ತಿಯ ತುಕ್ಕನ್ನು ಗ್ರೈಂಡರ್‌ನಿಂದ ತೆಗೆಯಬಹುದೇ, ಒಡೆದ ಪ್ಲಾಸ್ಟಿಕ್ ಹಿಡಿಯ ಬದಲು ಬೀಟೆಮರ ಹಾಕಬಹುದೇ ಎಂದು ಕೇಳಿದ್ದೀರಿ. ಗ್ರೈಂಡರ್ ಬೇಡವೇ ಬೇಡ; ತೆಳುವಾದ ಅಲಗು ಕ್ಷಣದಲ್ಲಿ ಕಾದು ನೀಲಿಗೆ ತಿರುಗಿದರೆ ಉಕ್ಕಿನ ಹದ ಹೋಯಿತೆಂದೇ ತಿಳಿಯಿರಿ. 400ರಿಂದ 2000ರವರೆಗಿನ ಗ್ರಿಟ್‌ನ (ಸಂಖ್ಯೆ ಹೆಚ್ಚಿದಷ್ಟೂ ನುಣುಪು) ಉಜ್ಜುಕಾಗದವನ್ನು ನೀರಿನಲ್ಲಿ ನೆನೆಸಿ, ಬಾಯಿಯಿಂದ, ಅಂದರೆ ಹರಿತವಾದ ಅಂಚಿನಿಂದ, ಬೆನ್ನಿನ ಕಡೆಗೆ ಕೈಯಿಂದಲೇ ಉಜ್ಜಿರಿ. ಬಾಯಿಯಲ್ಲೇ ಆಳವಾದ ಗುಳಿಗಳಿದ್ದರೆ ಶ್ರಮ ದಂಡ.

ಬೀಟೆ ಒಳ್ಳೆಯ ಆಯ್ಕೆ. ಎರಡು ಪಟ್ಟಿಗಳನ್ನು ಸುಮಾರು 3 ಮಿ.ಮೀ. ದಪ್ಪಕ್ಕೆ ತಂದು, ಒಂದಕ್ಕೊಂದು ಬಿಗಿದು ಒಟ್ಟಿಗೇ ಕೊರೆದರೆ ರಂಧ್ರಗಳು ಒಂದೇ ನೇರಕ್ಕೆ ಬರುತ್ತವೆ; ಆಮೇಲೆ ಪಟ್ಟಿಗಳ ನಡುವೆ ತುದಿಯಲ್ಲಿ ಬೆಣೆಯಿಟ್ಟು, ರಂಧ್ರಗಳಲ್ಲಿ ತೂರಿಸಿದ 1.6 ಮಿ.ಮೀ. ಹಿತ್ತಾಳೆ ತಂತಿಯ ತಲೆಯನ್ನು ವಾಷರ್ ಮೇಲೆ ಅಣಬೆಯಂತೆ ಹರಡುವವರೆಗೆ ಮೆಲ್ಲನೆ ತಟ್ಟಿರಿ. ಇದಕ್ಕೆ ಬೇಕಾದ ಪುಟ್ಟ ಸುತ್ತಿಗೆ, ಬಿದರಿ ಕೆಲಸದ ಊರಿನಲ್ಲಿ, ಸಿಗದೇ ಇರದು. ನಾನಂತೂ ಮೊದಲ ಸಲ ಅವಸರದ ಒಂದೇ ಪೆಟ್ಟಿಗೆ ಮರ ಸೀಳಿಕೊಂಡೆ. ಮಡಚಿದಾಗ ಅಲಗು ಯಾವ ಪಟ್ಟಿಗೂ ತಾಗದೆ ನಡುವೆ ಕೂರಬೇಕು. ತಾಗಿದರೆ ಬೆಣೆಯನ್ನು ತಿದ್ದಿರಿ.