ಕಮಾಂಡೋ ಗೇಮಲ್ಲಿ ಸೈನಿಕ ಅಲ್ಲಾಡ್ತಾನೇ ಇಲ್ಲ!

ಪ್ರಶ್ನೆ: ಸರ್, ವೈಸ್ ಎಮ್ಯುಲೇಟರ್‌ನಲ್ಲಿ (ಹಳೇ ಕಂಪ್ಯೂಟರನ್ನ ಈಗಿನ ಕಂಪ್ಯೂಟರ್‌ನಲ್ಲಿ ನಕಲು ಮಾಡೋ ಸಾಫ್ಟ್‌ವೇರ್) ಕಮಡೋರ್ 64 ಅನ್ನೋ ಹಳೇ ಮನೆ ಕಂಪ್ಯೂಟರ್‌ನ ಕಮಾಂಡೋ ಗೇಮ್ ಹಾಕಿದೀನಿ, ಮ್ಯೂಸಿಕ್ ಬರ್ತಿದೆ ಆದ್ರೆ ಜಾಯ್‌ಸ್ಟಿಕ್ ತಿರುಗಿಸಿದ್ರೆ ಏನೂ ಆಗಲ್ಲ. ಫ್ರೆಂಡ್ ಮಷೀನಲ್ಲಿ ಆಡ್ದಾಗ್ಲೂ ಕೊನೇ ಗೇಟ್ ಹತ್ರ ಸಾಯ್ತಿದ್ದೆ. ಏನ್ ಮಾಡ್ಲಿ?

ಉತ್ತರ: ಬಹುಶಃ ನಿಮ್ಮ ಜಾಯ್‌ಸ್ಟಿಕ್ ಪೋರ್ಟ್ (ಜೋಡಿಸೋ ಕಿಂಡಿ) ಒಂದಕ್ಕೆ ಸೆಟ್ ಆಗಿದೆ ನೋಡಿ, ಆದ್ರೆ ಈ ಕಂಪ್ಯೂಟರ್‌ನ ಹೆಚ್ಚಿನ ಗೇಮ್‌ಗಳು ಓದೋದು ಪೋರ್ಟ್ ಎರಡನ್ನ, ಸೆಟ್ಟಿಂಗ್ಸ್‌ನಲ್ಲಿ ಎರಡಕ್ಕೆ ಬದಲಾಯ್ಸಿ ಸಾಕು.

ಇನ್ನು ಗೇಟ್ ವಿಷ್ಯ. ಗುಂಡು ಎಷ್ಟ್ ಬೇಕಾದ್ರೂ ಹೊಡೀಬಹುದು, ಗ್ರೆನೇಡ್ ಮಾತ್ರ ಲೆಕ್ಕದಲ್ಲಿರುತ್ತೆ, ಹಾಗಾಗಿ ದಾರೀಲಿ ಸಿಕ್ಕಸಿಕ್ಕವರ ಮೇಲೆ ಎಸೀದೆ ಉಳಿಸ್ಕೊಂಡು ಹೋಗಿ, ಗೇಟ್ ತೆಗೆದು ಸೈನಿಕರು ಗುಂಪಾಗಿ ನುಗ್ಗಿದಾಗ ಒಂದೇ ಕಡೆ ನಿಂತ್ಕೊಳ್ದೆ ಎಡಕ್ಕೆ ಬಲಕ್ಕೆ ಓಡಾಡ್ತಾ ಹೊಡೀರಿ. ನಿಂತ್ರೆ ಕೆಟ್ರಿ!

ಅಂದಹಾಗೆ ಆ ಮ್ಯೂಸಿಕ್ ರಾಬ್ ಹಬರ್ಡ್ ಅವ್ರದ್ದು. 1985ರಲ್ಲಿ ಕ್ಯಾಪ್‌ಕಾಮ್‌ನ ಆರ್ಕೇಡ್ ಗೇಮ್ ಬಂತು, ಅದೇ ವರ್ಷ ಎಲೀಟ್ ಅನ್ನೋ ಗೇಮ್ ಕಂಪನಿಯವ್ರು ಇದನ್ನ ಮನೆ ಕಂಪ್ಯೂಟರ್‌ಗೆ ತಂದ್ರು, ಬರೀ ಮೂರು ಸ್ವರ ಒಟ್ಟಿಗೆ ನುಡಿಸೋ, ಕಮಡೋರ್ 64ರ ಸಿಡ್ ಅನ್ನೋ ಸೌಂಡ್ ಚಿಪ್ಪಲ್ಲಿ ಹಬರ್ಡ್ ಅಷ್ಟು ಜೋಶ್ ತುಂಬಿದಾರಲ್ಲ, ನನಗಂತೂ ಇವತ್ತಿಗೂ ಮೈ ಜುಮ್ ಅನ್ಸುತ್ತೆ. ಸೌಂಡ್ ಜಾಸ್ತಿ ಇಟ್ಕೊಂಡೇ ಆಡಿ.