ಒತ್ತಕ್ಷರ ಕಾಣಿಸಬೇಕು, ಮಿಕ್ಕಿದ್ದು ಆಮೇಲೆ

ಪ್ರಶ್ನೆ: ನಿವೃತ್ತನಾದ ಮೇಲೆ ಹಳೇ ಕನ್ನಡ ಪುಸ್ತಕಗಳ ಪಿಡಿಎಫ್ ಇಳಿಸಿಕೊಂಡು ಫೋನಿನಲ್ಲೇ ಓದುತ್ತಿದ್ದೇನೆ. ಕಣ್ಣು ಸೋಲುತ್ತದೆ. 32 ಜಿಬಿಯ, ಬಣ್ಣದ ಪರದೆಯ ಇ-ಬುಕ್ ರೀಡರ್ ತರಿಸೋಣ ಅಂತಾಳೆ ಮಗಳು. ಏನು ನೋಡಿ ಕೊಳ್ಳಬೇಕು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಜಿಬಿ ಲೆಕ್ಕ ಬಿಡಿ. ಬಣ್ಣವೂ ಬೇಡ. ಈ ರೀಡರ್‌ಗಳಲ್ಲಿರುವುದು ಇ-ಇಂಕ್, ಅಂದರೆ ಕಾಗದದ ಮೇಲಿನ ಅಚ್ಚಿನಂತೆ ಕಾಣುವ ಪರದೆ. ಬಣ್ಣದ್ದು ಕಪ್ಪು-ಬಿಳುಪಿನದಕ್ಕಿಂತ ಕೊಂಚ ಮಂಕು. ನಿಮಗೆ ಮುಖ್ಯವಾದದ್ದು ಪರದೆಯ ಅಳತೆ.

ಸ್ಕ್ಯಾನ್ ಮಾಡಿದ ಪಿಡಿಎಫ್ ಅಂದರೆ ಪುಟದ ಫೋಟೊ, ಅಷ್ಟೇ. ಇಪಬ್ ಅನ್ನೋ ಇ-ಪುಸ್ತಕದ ಕಡತದಲ್ಲಿ ಫೋಟೊ ಬದಲು ಅಕ್ಷರಗಳೇ ಇರುತ್ತವೆ, ಅಕ್ಷರ ಹಿಗ್ಗಿಸಿದರೆ ಸಾಲುಗಳು ತಾವಾಗಿ ಹೊಂದಿಕೊಳ್ಳುತ್ತವೆ. ಸ್ಕ್ಯಾನ್ ಪಿಡಿಎಫ್‌ನಲ್ಲಿ ಹಾಗಾಗಲ್ಲ. ನಾನೂ ಇದು ತಿಳಿಯದೆ 6 ಇಂಚಿನದು ತಂದಿದ್ದೆ. ಒಂದು ಸಾಲು ಓದಲು ಪುಟವನ್ನು ಎಡಕ್ಕೆ ಎಳೆಯಬೇಕು, ಮುಂದಿನ ಸಾಲಿಗೆ ಮತ್ತೆ ಬಲಕ್ಕೆ. ಇ-ಇಂಕ್ ಮೊದಲೇ ನಿಧಾನ. ಎಳೆದಾಗಲೆಲ್ಲ ಒಮ್ಮೆ ತಡವರಿಸಿ, ಹಿಂದಿನ ಸಾಲಿನ ನೆರಳು ಉಳಿಸಿಕೊಂಡೇ ಮುಂದಿನದನ್ನು ತೋರಿಸುತ್ತಿತ್ತು. ನಾಲ್ಕು ಪುಟಕ್ಕೆ ಸಾಕಾಯಿತು. ಈಗದು ನನ್ನ ಹೆಂಡತಿಯ ಕೈಯಲ್ಲಿದೆ. ಅವಳು ಓದುವುದು ಇಪಬ್ ಕಾದಂಬರಿ ಮಾತ್ರ. ಅವಳಿಗೆ ಹೇಳಿ ಮಾಡಿಸಿದ ಹಾಗಿದೆ! ನೀವು 10 ಇಂಚಿನ ಆಸುಪಾಸಿನದು ನೋಡಿ. ಬೆಲೆ ಜಾಸ್ತಿ, ಕೈಗೂ ಭಾರ. ಮೇಜಿನ ಮೇಲಿಟ್ಟು ಓದುವವರಾದರೆ ತೊಂದರೆಯಿಲ್ಲ.

ಆಮೇಲೆ ಪಿಪಿಐ, ಅಂದರೆ ಒಂದು ಇಂಚಿನಲ್ಲಿ ಎಷ್ಟು ಚುಕ್ಕಿ ಅನ್ನೋದು. ಸಾಧ್ಯವಾದರೆ 300 ಇರಲಿ. ಹಳೇ 167ರ ಪರದೆಯಲ್ಲಿ ಇಂಗ್ಲಿಷ್ ಹೇಗೋ ನಡೆಯುತ್ತದೆ, ಕನ್ನಡಕ್ಕೆ ಸಾಲದು. ತರಿಸಿದ ದಿನವೇ ಒಂದು ಕನ್ನಡ ಇಪಬ್ ಹಾಕಿ, ಅಕ್ಷರ ಸಣ್ಣದು ಮಾಡಿ, ‘ರಾಷ್ಟ್ರ’ ಅನ್ನೋ ಪದ ಹುಡುಕಿ. ಷ ಕೆಳಗಿನ ಎರಡೂ ಒತ್ತು ಬಿಡಿಬಿಡಿಯಾಗಿ ಕಾಣಬೇಕು. ಮುದ್ದೆಯಾಗಿ ಕಂಡರೆ ವಾಪಸ್ ಕಳಿಸಿ. ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಂತರೆ ಅದು ಪರದೆಯ ತಪ್ಪಲ್ಲ, ಆ ಯಂತ್ರಕ್ಕೆ ಕನ್ನಡ ಬರಲ್ಲ. ಅದನ್ನೂ ಕಳಿಸಿ.

ಬೆಳಕನ್ನು ಹಳದಿಗೆ ತಿರುಗಿಸಿಕೊಳ್ಳುವ ಸೌಲಭ್ಯ ಇದ್ದರೆ ರಾತ್ರಿ ಓದಲು ಹಿತ. ಬ್ಯಾಟರಿ ಚಿಂತೆ ಬೇಡ. ಪುಟ ಬದಲಾಗುವಾಗ ಬಿಟ್ಟರೆ ಪರದೆಗೆ ಕರೆಂಟೇ ಬೇಕಾಗಿಲ್ಲ, ಖರ್ಚೆಲ್ಲ ದೀಪದ್ದು, ವೈಫೈದು. ನೀರು ತಡೆಯುವ ಗುಣ ಸ್ನಾನದ ತೊಟ್ಟಿಯಲ್ಲಿ ಓದುವವರಿಗೆ. ನಮ್ಮದು ಬಕೆಟ್ ಸ್ನಾನ, ಅಲ್ವಾ?

ಪುಟ ತಿರುಗಿಸಲು ಪಕ್ಕದಲ್ಲಿ ಗುಂಡಿ ಇದ್ದರೆ ಮಾತ್ರ ಬಿಡಬೇಡಿ. ಕೋಡುಬಳೆ ತಿನ್ನುತ್ತ ಓದುವವನು ನಾನು. ಎಣ್ಣೆ ಬೆರಳು ಪರದೆಗೆ ತಾಗಿಸದೆ ಪುಟ ದಾಟಬಹುದು.